ಹಿಪ್ಪರಗಿಯ ಬಾಗಿಲು ತೆಗೆದ ಶುಕ್ರವಾರ

ಬನಹಟ್ಟಿ
೧೮ ಆಗಸ್ಟ್ ೨೦೨೫, ಸೋಮವಾರ ಮಧ್ಯಾಹ್ನ

ಪ್ರೀತಿಯ ಹರ್ಷು,

ಇಲ್ಲಿ ಎಲ್ಲರೂ ಆರಾಮ. ನಿನ್ನ ಕಾಗದ ಬಂದು ಏಳು ವಾರವಾಯಿತು. ಇಷ್ಟರಲ್ಲಿ ನೀನು ನನ್ನನ್ನು ಬೈದು ಬೈದು ದಣಿದಿರಬೇಕು. ಮೂರು ಸಲ ಬರೆಯಲು ಕೂತೆ. ಒಂದು ಸಲ ನನ್ನ ಕೂಸು ಗಂಗಿ ಪೆನ್ನು ಬಾಯಿಗೆ ಹಾಕಿಕೊಂಡಳು. ಇನ್ನೆರಡು ಸಲ ಬರೆದದ್ದನ್ನು ನಾನೇ ಹರಿದೆ. ಫೋನು ಮಾಡಬಹುದಿತ್ತಲ್ಲ ಅನ್ನಬೇಡ. ನಮ್ಮದು ನಾಲ್ಕು ಪಾವರ್‌ಲೂಮಿನ ಮನೆ. ಮಗ್ಗ ಶುರುವಾದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ, ನಿಂತರೆ ಪಿಸುಮಾತೂ ಓಣಿಗೆಲ್ಲ ಕೇಳಿಸುತ್ತದೆ.

ಅತ್ತೆ ಕಸ್ತೂರೆವ್ವ ಮತ್ತು ಗಂಡ ಗೌರೀಶ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಬರೀ ತುಟಿ ಅಲ್ಲಾಡಿಸಿ ಮಾತಾಡಿಕೊಳ್ಳುತ್ತಾರೆ. ಚಹಾ ಆಯಿತೆಂಬ ಸುದ್ದಿಯೂ ಹಾಗೇ, ತಾಯಿಮಗನ ಜಗಳವೂ ಹಾಗೇ. ಹುನ್ನೂರಿನ ಕಬ್ಬಿನ ಹೊಲದಿಂದ ಬಂದ ನನಗೆ ಮೂರು ವರ್ಷವಾದರೂ ಆ ವಿದ್ಯೆ ಹತ್ತಿಲ್ಲ.

ಇರಲಿ. ಮೊದಲು ಸುದ್ದಿ ಹೇಳಿಬಿಡುತ್ತೇನೆ: ಗೆದ್ದೆ! ನೀನು ಕೊಟ್ಟ ಮೂರೂ ಜಾಗ ಮುಗಿಸಿದೆ.

ಮಾರ್ಚಿನಲ್ಲಿ ಜೋಳಿಗೆ ತೊಟ್ಟಿಲಿನ ಗಂಟು ಜಾರಿ ಗಂಗಿ ಕೆಳಗೆ ಬಿದ್ದದ್ದನ್ನು ಬರೆದಿದ್ದೆನಲ್ಲ. ಆಗ ಅವಳಿಗೆ ನಾಲ್ಕು ತಿಂಗಳು. ಡಾಕ್ಟರು ಎಲ್ಲ ನೋಡಿ ಏನೂ ಆಗಿಲ್ಲವೆಂದರು. ಹುಬ್ಬಿನ ಮೇಲೆ ಅಕ್ಕಿಕಾಳಿನಷ್ಟು ಗುರುತು ಉಳಿಯಿತು, ಅಷ್ಟೇ. ಅವಳು ಅಂದೇ ಮರೆತು ನಕ್ಕಳು. ನಾನು ಮಾತ್ರ ಅವಳನ್ನೆತ್ತಿಕೊಂಡು ಮಾಳಿಗೆಯ ಮೆಟ್ಟಿಲೂ ಹತ್ತಲಾರದವಳಾದೆ. ಎತ್ತರ ಕಂಡರೆ ತೋಳು ತಾನಾಗಿ ಸಡಿಲವಾದಂತಾಗುತ್ತಿತ್ತು. ಕಣ್ಣು ಮುಚ್ಚಿದರೆ ದಪ್ಪೆಂಬ ಸಪ್ಪಳ. ಐದು ತಿಂಗಳಲ್ಲಿ ಒಂದು ತಾಸು ಪೂರ್ತಿ ನಿದ್ದೆ ಮಾಡಿದ್ದು ನೆನಪಿಲ್ಲ.

ಅತ್ತೆಯದು ಇನ್ನೊಂದು ಕಥೆ. ಮಗ್ಗದಲ್ಲಿ ಎಳೆ ಕಡಿದರೆ ನಾವು ಹುಡುಕುವುದರೊಳಗೆ ಗಂಟು ಹಾಕಿ ಮುಗಿಸಿರುವ ಕೈ ಅವರದು. ನಲವತ್ತು ವರ್ಷದ ಕೈ. ಓಣಿಯಲ್ಲಿ ಯಾರ ಮನೆಗೆ ಕೂಸು ಬಂದರೂ ಜೋಳಿಗೆಗೆ ಮೊದಲ ಗಂಟು ಹಾಕಲು ಕಸ್ತೂರೆವ್ವನೇ ಬೇಕಿತ್ತು. ಗಂಗಿಯ ಜೋಳಿಗೆಗೂ ಅವರೇ ಹಾಕಿದ್ದರು. ಮಾರ್ಚಿನಿಂದ ಅವರು ಗಂಟು ಹಾಕುವುದನ್ನೇ ಬಿಟ್ಟಿದ್ದರು. ಎಳೆ ಕಡಿದರೆ ಮಗನನ್ನು ಕರೆಯುವರು. ಕೇಳಿದರೆ, "ಕೈಗೆ ವಯಸ್ಸಾತವಾ, ಇನ್ನ ಇದನ್ನ ನಂಬಬಾರ್ದು" ಎಂದು ಅಂಗೈ ತಿರುಗಿಸಿ ನೋಡಿಕೊಳ್ಳುವರು.

ಇಂಥ ಮನೆಗೆ ನಿನ್ನ ಕಾಗದ ಬಂತು. "ಎಷ್ಟ ದಿನ ನೆಲಾ ಹಿಡಕೊಂಡ ಕುಂದರ್ತೀಬೇ? ಮದಲ ತೋಟ, ಆಮ್ಯಾಲ ಗುಡ್ಡ, ಆಮ್ಯಾಲ ಧಬಧಬಿ. ಕೂಸು ನಿನ್ನ ಕೈಯಾಗ ಇರಬೇಕು. ಫೋಟೊ ಕಳಿಸಬ್ಯಾಡ, ಫೋಟೊದಾಗ ಎಲ್ಲಾರೂ ಧೈರ್ಯಸ್ಥರ." ಅದನ್ನು ಗೌರೀಶನಿಗೆ ಓದಿ ಹೇಳಿದರೆ, "ನಿನ್ನ ಗೆಳತಿ ಮಾಸ್ತರಿಕಿ ಬಿಡಂಗಿಲ್ಲ ನೋಡ" ಎಂದು ನಕ್ಕ. ಆದರೆ ಅಂದೇ ಬೈಕಿನ ಗಾಳಿ ನೋಡಿಸಿಕೊಂಡು ಬಂದ.

ಮೊದಲು ಜಮಖಂಡಿಯ ಕೆರೆ ದಂಡೆಯ ತೋಟ. ನಾವು ಕ್ಲಾಸು ತಪ್ಪಿಸಿ ಶೇಂಗಾ ತಿನ್ನುತ್ತಿದ್ದ ಬೆಂಚು ಇನ್ನೂ ಇದೆ, ಒಂದು ಕಾಲು ಇಲ್ಲ. ಜಾರುಬಂಡಿಯ ಮೆಟ್ಟಿಲು ಎಂಟೇ ಇದ್ದವು. ನಾಲ್ಕು ಹತ್ತಿ ಕಂಬ ಹಿಡಿದು ನಿಂತೆ. ಹಿಂದೆ ಸಾಲುಗಟ್ಟಿದ್ದ ಮಕ್ಕಳಲ್ಲಿ ಒಬ್ಬಳು, "ಆಂಟಿ, ಹತ್ರಿ, ಇಲ್ಲಾ ಇಳೀರಿ" ಎಂದಳು. ಇಳಿದೆ. ಮರುವಾರ ಮತ್ತೆ ಹೋಗಿ ಎಂಟೂ ಹತ್ತಿ, ಗಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರಿದೆ. ಸೀರೆ ಹರಿಯಿತು. ಗಂಗಿ ಕೇಕೆ ಹಾಕಿದಳು.

ರಾಮತೀರ್ಥದ ಗುಡ್ಡದ ಮೇಲೆ ಅಷ್ಟು ಸಲೀಸಾಗಲಿಲ್ಲ. ದಾರಿಯುದ್ದಕ್ಕೂ ಗೌರೀಶ, "ಕೂಸು ಇತ್ತಾಗ ಕೊಡ" ಎನ್ನುವುದು, ನಾನು "ಕೊಡಂಗಿಲ್ಲ" ಎನ್ನುವುದು. ಮೇಲೆ ಹೋದರೆ ಎಂಥ ಗಾಳಿ! ಕೆಳಗೆ ಜಮಖಂಡಿಯ ಮಾಳಿಗೆಗಳು, ಅದರಾಚೆ ಕಣ್ಣು ಮುಟ್ಟುವವರೆಗೂ ಹಸಿರು ಕಬ್ಬು. ಆದರೆ ಇದನ್ನೆಲ್ಲ ನೋಡಿದ್ದು ಅಂಚಿನಿಂದ ಹತ್ತು ಹೆಜ್ಜೆ ಹಿಂದೆ ನಿಂತು. ಮುಂದೆ ಕಾಲೇ ಏಳಲಿಲ್ಲ. ಅಲ್ಲೇ ಬಂಡೆಯ ಮೇಲೆ ಕೂತು ಅತ್ತುಬಿಟ್ಟೆ. ಗೌರೀಶ ಪಕ್ಕದಲ್ಲಿ ಕೂತು ಗಂಗಿಗೆ ಬಿಸ್ಕೀಟು ಮುರಿದು ಕೊಟ್ಟ. ಇದನ್ನು ಅರ್ಧ ಮಾರ್ಕೆಂದು ಹಿಡಿ.

ನೀರು ಧುಮುಕುವ ಧಬಧಬಿಯ ಮಾತು ಬಂದಾಗ ಅವನು, "ಅದಕ್ಕ ಗೋಕಾಕಕ್ಕ ಹೋಗಬೇಕು, ಇಡೀ ದಿನಾ ಹೊಕ್ಕೈತಿ" ಎಂದ. ಒಳಗಿಂದ ಅತ್ತೆ, "ಗೋಕಾಕ ಯಾಕೋ? ಹಿಪ್ಪರಗಿ ಡ್ಯಾಮಿನ ಬಾಗಲಾ ತಗದಾರಂತ. ಮಗ್ಗಲದಾಗ ಹೊಳಿ ಬೀಳಾಕತ್ತೈತಿ, ಇಂವಾ ಗೋಕಾಕ ಹುಡಕತಾನ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ನಾನೂ ಬರ್ತೇನಿ. ಹೊಳಿ ಗಂಗವ್ವಗ ಒಂದು ಖಣಾ ಬಿಡೂದೈತಿ. ಕೂಸು ಬಿದ್ದ ದಿನಾ ಬೇಡಕೊಂಡಿದ್ದೆ."

ಶುಕ್ರವಾರ, ಆಗಸ್ಟ್ ಹದಿನೈದು, ಮಗ್ಗಕ್ಕೆ ರಜೆ. ಪಕ್ಕದ ಮನೆಯ ಕರೆಪ್ಪನ ಟಂಟಂ ಆಟೊದಲ್ಲಿ ಹೊರಟೆವು. ನೀರು ಕಾಣುವ ಎಷ್ಟೋ ಮೊದಲೇ ಸಪ್ಪಳ ಕೇಳಿಸಿತು. ನೂರು ಮಗ್ಗ ಒಟ್ಟಿಗೆ ಶುರುವಾದ ಹಾಗೆ! ಬ್ಯಾರೇಜಿನ ಗೇಟುಗಳೆಲ್ಲ ಮೇಲೆ, ಕೆಂಪು ಕೃಷ್ಣೆ ಅವುಗಳ ಕೆಳಗಿಂದ ನುಗ್ಗಿ, ಬಿದ್ದು, ಎದ್ದು, ಹೊಗೆಯಂತೆ ಹಾರುತ್ತಿದ್ದಳು. ಗೌರೀಶ ಮಿರ್ಚಿ ಭಜಿ ತರುತ್ತೇನೆಂದು ಗಾಡಿಯ ಕಡೆ ಹೋದ. ಸೇತುವೆಯ ಬಾಯಲ್ಲಿ ಗಿರಮಲ್ಲಪ್ಪ ಎಂಬ ಕಾವಲುಗಾರ ಕೋಲು ಅಡ್ಡ ಹಿಡಿದ. "ಸೆಲ್ಫಿ ಗಿಲ್ಫಿ ನಡಿಯಂಗಿಲ್ರಿ ಅಕ್ಕಾರ, ಹಿಂದ ಸರೀರಿ."

"ಸೆಲ್ಫಿ ಬ್ಯಾಡ್ರಿ. ನಿಂದ್ರೂದಷ್ಟ ಐತಿ ನಂಗ" ಎಂದೆ.

ಅವನಿಗೆ ಇದು ಹೊಸದಾಗಿರಬೇಕು. ನನ್ನ ಮುಖ ನೋಡಿದ, ಕೂಸಿನ ಮುಖ ನೋಡಿದ. "ನಿಂದ್ರೂದಾ? ನಿಂದರ್ರಿ ಹಂಗಾರ. ಐದ ನಿಮಿಷ. ಕೂಸಿನ ತಲಿಗೆ ಕುಂಚಗಿ ಹಾಕ್ರಿ."

ಹೋದೆ, ಹರ್ಷು. ಹತ್ತು ಹೆಜ್ಜೆ ಉಳಿದಾಗ ಕಾಲು ನಿಂತಿತು. ಐದು ಉಳಿದಾಗ ಮತ್ತೆ ನಿಂತಿತು. ಆಮೇಲೆ ಹೊಟ್ಟೆಗೆ ಕಬ್ಬಿಣದ ಕಂಬಿ ತಾಗಿತು. ಕೆಳಗೆ ನೋಡಿದೆ. ತೋಳು ಸಡಿಲವಾಗಲಿಲ್ಲ. ಗಂಗಿ ಮುಖದ ಮೇಲೆ ನೀರಿನ ಹನಿ ಬಿದ್ದರೆ ನಾಲಿಗೆ ಚಾಚಿ ರುಚಿ ನೋಡುತ್ತಿದ್ದಳು! ನಾನು ಕಿರುಚಿದೆ, ಏನೆಂದು ಗೊತ್ತಿಲ್ಲ, ಸುಮ್ಮನೆ ಕಿರುಚಿದೆ. ಯಾರಿಗೂ ಕೇಳಿಸಲಿಲ್ಲ. ಅತ್ತೆಯೂ ನನ್ನ ಜೊತೆ ನಿಂತರು. ರವಿಕೆ ಖಣದಲ್ಲಿ ಅಕ್ಕಿ, ಅರಿಷಿಣ ಇಟ್ಟು, ಗಂಟು ಹಾಕಿ ಹೊಳೆಗೆ ಬಿಟ್ಟೆವು. ಆಗ ನಮ್ಮಿಬ್ಬರ ನಡುವೆ ಒಂದು ಮಾತಾಯಿತು. ಅದನ್ನು ಕಡೆಗೆ ಬರೆಯುತ್ತೇನೆ.

ಐದು ನಿಮಿಷ ಹದಿನೈದಾಗಿತ್ತು. ಗಿರಮಲ್ಲಪ್ಪ ಬಂದು, "ನಿಂತದ್ದಾತಿಲ್ರಿ?" ಎಂದ. "ಆತ್ರಿ" ಎಂದೆ. ನನಗೆ ಡಿಗ್ರಿ ಕೊಟ್ಟ ದಿನವೂ ಇಷ್ಟು ಜಂಬದಿಂದ ಮಾತಾಡಿರಲಿಲ್ಲ. ಗೌರೀಶ ತಂದ ಮಿರ್ಚಿಯಲ್ಲಿ ಆರು ನಾನೊಬ್ಬಳೇ ತಿಂದೆ. ಬರುವಾಗ ರಾಮತೀರ್ಥದ ಬಾಕಿ ಅರ್ಧ ಮಾರ್ಕನ್ನೂ ಮುಗಿಸೋಣವೆಂದು ಹಟ ಹಿಡಿದೆ. ಕರೆಪ್ಪ, "ಇವತ್ತ ಗುಡ್ಡಾ ಅಂತಾರ, ನಾಳಿ ಇಮಾನ ಅಂತಾರ ವೈನಿ" ಎಂದು ಗೊಣಗುತ್ತಲೇ ಗಾಡಿ ಆ ಕಡೆ ತಿರುಗಿಸಿದ. ಹತ್ತು ಹೆಜ್ಜೆಯನ್ನೂ ನಡೆದೆ.

ನಿನ್ನ ಮಗ ಕೌಸ್ತುಭನಿಗೆ ಗಂಗಿಯ ಜೊಲ್ಲಿನ ಮುತ್ತು. ಅವನ ಸಾಲಿ ಚೀಲ ಹಗುರಾಗಿರಲಿ, ನಿನ್ನ ಮನೆಯಲ್ಲಿ ನಗು ಹೆಚ್ಚಲಿ. ಮುಂದಿನ ಸಲ ಬಂದಾಗ ಮುರಿದ ಬೆಂಚಿನ ಮೇಲೆ ನಾಲ್ವರೂ ಕೂಡೋಣ.

ನಿನ್ನ
ಐಶು

ತಾ.ಕ.: ಹರಿದು ಹಾಕಿದ ಎರಡು ಕಾಗದಗಳಲ್ಲಿ ಇದ್ದದ್ದು ಇದು. ಗಂಟು ಜಾರಿರಲಿಲ್ಲ, ಹರ್ಷು. ಅಂದು ಮಧ್ಯಾಹ್ನ ಮಂಚದ ಮೇಲೆ ಹಾಲು ಕುಡಿಸುತ್ತ ನಾನು ನಿದ್ದೆ ಹೋದೆ. ಕೂಸು ಮಂಚದಿಂದ ಉರುಳಿದ ದಪ್ಪೆಂಬ ಸಪ್ಪಳಕ್ಕೇ ಎಚ್ಚರವಾದದ್ದು. ಮಗ್ಗದ ಸಪ್ಪಳದಲ್ಲಿ ಅದರ ಅಳು ಬೇರೆ ಯಾರಿಗೂ ಕೇಳಿಸಲಿಲ್ಲ. ಅಳುವ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ನಾನು ಮೊದಲು ಮಾಡಿದ ಕೆಲಸವೆಂದರೆ ಜೋಳಿಗೆಯ ಗಂಟು ಬಿಚ್ಚಿದ್ದು. ಅತ್ತೆ ಹಾಕಿದ ಗಂಟು. ಹಲ್ಲು ಹಚ್ಚಿ ಎಳೆಯಬೇಕಾಯಿತು, ಅಷ್ಟು ಬಿಗಿಯಿತ್ತು.

ಹಿಪ್ಪರಗಿಯಲ್ಲಿ ಅವರು ಖಣವನ್ನು ನನ್ನತ್ತ ಚಾಚಿ, ಗಂಟು ನೀನೇ ಹಾಕೆಂದು ಸನ್ನೆ ಮಾಡಿದರು. ನನಗೆ ತಡೆಯಲಾಗಲಿಲ್ಲ. ಅವರ ಮುಖ ನೋಡುತ್ತ, "ಗಂಟು ಜಾರಿರಲಿಲ್ರೀ ಅತ್ತಿ, ನಾನ ಬಿಚ್ಚಿದ್ದೆ, ಕೂಸಿನ್ನ ಕೆಡವಿದಾಕಿ ನಾನ" ಎಂದೆ. ನನ್ನ ಮಾತು ನನಗೇ ಕೇಳಿಸಲಿಲ್ಲ. ಆ ಸಪ್ಪಳವನ್ನು ನಂಬಿಯೇ ಹೇಳಿದ್ದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಕಿವಿಯ ಹತ್ತಿರ ಬಾಗಿ, "ಏನೂ ಕೇಳಸ್ಲಿಲ್ಲ ಬಿಡ ಯವ್ವಾ, ನೀರಿನ ಸಪ್ಪಳ" ಎಂದರು. ಖಣ ಹಿಂದಕ್ಕೆ ತೆಗೆದುಕೊಂಡು ತಾವೇ ಗಂಟು ಹಾಕಿದರು.

ಮರುದಿನ ಬೆಳಿಗ್ಗೆ ನಾಲ್ಕೂ ಮಗ್ಗ ಓಡುತ್ತಿದ್ದಾಗ ನೋಡುತ್ತೇನೆ, ಅತ್ತೆ ಸ್ಟೂಲಿನ ಮೇಲೆ ನಿಂತು ನಾನು ಕಟ್ಟಿದ್ದ ಜೋಳಿಗೆ ಬಿಚ್ಚಿ ತಾವೇ ಕಟ್ಟುತ್ತಿದ್ದಾರೆ. ಗಂಗಿಯನ್ನು ಅದರಲ್ಲಿ ಮಲಗಿಸಿದರು. ನಲವತ್ತು ವರ್ಷ ತುಟಿ ನೋಡಿಯೇ ಮಾತು ಕೇಳಿದವರು ಅವರು ಎಂಬುದು ನನಗೆ ಹೊಳೆದದ್ದು ಆಗ.

ಅವರು ನನ್ನ ಕಡೆ ತಿರುಗಿ ತುಟಿ ಅಲ್ಲಾಡಿಸಿದರು. ಮೂರು ವರ್ಷದಲ್ಲಿ ನಾನು ಓದಿದ ಮೊದಲ ತುಟಿಮಾತು ಅದು:

"ಮಲ್ಕೋ ಹೋಗು."

ಹೋಗಿ ಮಲಗಿದೆ. ಸಂಜೆ ಮಗ್ಗ ನಿಂತಾಗಲೇ ನನಗೆ ಎಚ್ಚರವಾದದ್ದು.