ಮಕ್ಕಳ ತೂಕವನ್ನು ಗೋಡೆಗೆ ಅಂಟಿಸಿದವರಿಗೆ

ಶಾಲಾ ಶಿಕ್ಷಣ ಇಲಾಖೆಯ ಮಾನ್ಯ ನಿರ್ದೇಶಕರೇ,

ನಿಮ್ಮ ಕಚೇರಿಯ ಒಂದು ಸುತ್ತೋಲೆಯಿಂದಾಗಿ ನನ್ನ ಹದಿಮೂರು ವರ್ಷದ ಮಗಳು ಊಟ ಬಿಟ್ಟಳು. ದಿನಕ್ಕೆ ನೂರು ಪತ್ರ ನೋಡುವವರು ತಾವು. ಮುಂದೆ ಓದಲು ಬಿಡುವಿಲ್ಲದಿದ್ದರೆ ಈ ಮೊದಲ ಸಾಲನ್ನಾದರೂ ಕಡತಕ್ಕೆ ಸೇರಿಸಿಕೊಳ್ಳಿ. ಇದನ್ನೇ ತಮಗೆ ಎರಡು ಸಲ ಖಾಸಗಿಯಾಗಿ ಬರೆದಿದ್ದೆ. ಸ್ವೀಕೃತಿಯ ಮೊಹರು ಬಿತ್ತು, ಉತ್ತರ ಬರಲಿಲ್ಲ. ಆದ್ದರಿಂದ ಈಗ ಎಲ್ಲರೂ ಓದುವ ಹಾಗೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ತಾವು ಸಹಿ ಹಾಕುವ ಸುತ್ತೋಲೆಗಳು ಬಹಳ, ನೆನಪಿಸಿಬಿಡುತ್ತೇನೆ. ಪ್ರತಿ ಸೋಮವಾರ ಬೆಳಗಿನ ಸಭೆಯಾದ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಗಬೇಕು. ತೂಕವನ್ನು ಧ್ವನಿವರ್ಧಕದಲ್ಲಿ ಗಟ್ಟಿಯಾಗಿ ಓದಬೇಕು. ಹೆಸರುಗಳನ್ನು ಹಸಿರು, ಹಳದಿ, ಕೆಂಪು ಎಂದು ಮೂರು ಪಟ್ಟಿಗಳಲ್ಲಿ ಬರೆದು ಎಲ್ಲರಿಗೂ ಕಾಣುವ ಜಾಗದಲ್ಲಿ ಅಂಟಿಸಬೇಕು. ತೂಕ ಹೆಚ್ಚಿದ್ದವರದು ಕೆಂಪು; ಕೆಂಪು ಕಡಿಮೆಯಾದ ಶಾಲೆಗೆ ವರ್ಷದ ಕೊನೆಯಲ್ಲಿ ‘ಆರೋಗ್ಯವಂತ ಶಾಲೆ’ ಎಂಬ ಫಲಕ. ನಮ್ಮ ಶಾಲೆಯಲ್ಲಿ ಎಲ್ಲರಿಗೂ ಕಾಣುವ ಜಾಗವೆಂದರೆ ಮಹಡಿಯ ಮೆಟ್ಟಿಲು ತಿರುಗುವ ಕಡೆ. ಅಲ್ಲಿ ಹಾಕಿದ್ದಾರೆ. ತಮ್ಮ ಕಚೇರಿಯಲ್ಲೂ ಅಂಥದೇ ತಿರುವೊಂದಿದೆ, ನಾನು ಹತ್ತಿ ಇಳಿದಿದ್ದೇನೆ. ಅಲ್ಲಿ ಯಾವ ಅಧಿಕಾರಿಯ ತೂಕವನ್ನೂ ಅಂಟಿಸಿದ್ದು ಕಾಣಲಿಲ್ಲ. ಆರೋಗ್ಯ ಮಕ್ಕಳಿಗೆ ಮಾತ್ರ ಬೇಕಾದದ್ದು ಎಂದು ಇಲಾಖೆ ತೀರ್ಮಾನಿಸಿದ್ದು ಯಾವಾಗ?

ನಾನು ಅವಳ ತಾಯಿ, ಹೆಂಗಸರ ಬಟ್ಟೆ ಹೊಲಿಯುವ ಟೈಲರ್. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ನನ್ನ ಅಂಗಡಿಗೆ ಬಂದು ಅಳತೆ ಕೊಡುವ ಹೆಂಗಸರಲ್ಲಿ ನೆಟ್ಟಗೆ ಉಸಿರಾಡುತ್ತಾ ನಿಲ್ಲುವವರು ನೂರಕ್ಕೆ ಐದು ಜನ ಸಿಕ್ಕಾರು. ಉಳಿದವರೆಲ್ಲ ಟೇಪು ಸೊಂಟಕ್ಕೆ ಬಂದ ಕೂಡಲೇ ಉಸಿರು ಬಿಗಿಹಿಡಿಯುತ್ತಾರೆ. ಆ ಅಳತೆಗೇ ಹೊಲಿದರೆ ಬಟ್ಟೆ ಹಾಕಿಕೊಂಡು ಕೂರಲಾಗುವುದಿಲ್ಲವೆಂದು ನನಗೆ ಗೊತ್ತು; ಅವರಿಗೆ ಹೇಳದೆ ಒಂದಿಂಚು ಸೇರಿಸಿ ಬರೆದುಕೊಳ್ಳುತ್ತೇನೆ. ಬ್ಯಾಂಕಿನ ಮ್ಯಾನೇಜರಮ್ಮನೂ ಅಷ್ಟೇ, ಅಲ್ಲಿ ಕಸ ಗುಡಿಸುವಾಕೆಯೂ ಅಷ್ಟೇ. ಇಬ್ಬರೂ ಒಂದೇ ಮಾತು ಹೇಳುತ್ತಾರೆ: ಸ್ವಲ್ಪ ದಪ್ಪ ಆಗಿಬಿಟ್ಟಿದ್ದೀನಿ, ಬೇಜಾರು ಮಾಡ್ಕೋಬೇಡಿ. ನನಗೇಕೆ ಬೇಜಾರು? ಆದರೂ ಕ್ಷಮೆ ಕೇಳುತ್ತಾರೆ. ಈ ನಾಚಿಕೆಯನ್ನು ಇವರಿಗೆ ಯಾರು ಕಲಿಸಿದರೆಂದು ನಾನು ಯೋಚಿಸಿದ್ದೇ ಇಲ್ಲ. ಈಗ ತಮ್ಮ ಇಲಾಖೆ ಅದಕ್ಕೊಂದು ಪಠ್ಯಕ್ರಮವನ್ನೇ ಮಾಡಿದೆ.

ಮಗಳು ಚಿಕ್ಕಂದಿನಿಂದಲೂ ದುಂಡುದುಂಡಗಿದ್ದವಳು, ಗಟ್ಟಿಮುಟ್ಟು. ಬಟ್ಟೆಯ ಥಾನನ್ನು ಹೆಗಲ ಮೇಲಿಟ್ಟುಕೊಂಡು ಅಂಗಡಿಯ ಅಟ್ಟಕ್ಕೆ ಹತ್ತಿಸುತ್ತಿದ್ದಳು. ಶಾಲೆಯಲ್ಲಿ ಗುಂಡು ಎಸೆತ ಆಡುತ್ತಿದ್ದಳು. ಏಳನೇ ತರಗತಿಯಲ್ಲಿದ್ದಾಗ ಅಂತರಶಾಲಾ ಪಂದ್ಯದಲ್ಲಿ ಎರಡನೆಯವಳಾಗಿ ಬಂದು ಬಹುಮಾನದ ಕಪ್ಪು ಗೆದ್ದಳು. ಆ ಕಪ್ಪನ್ನು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಗಾಜಿನ ಬೀರುವಿನೊಳಗೆ ಇಟ್ಟಿದ್ದಾರೆ. ಯಾವ ತೋಳು ಶಾಲೆಗೆ ಕಪ್ಪು ತಂದಿತೋ ಆ ತೋಳಿನ ಒಡತಿ ಎಂಟನೇ ತರಗತಿಯ ಮೊದಲ ಸೋಮವಾರವೇ ಕೆಂಪು ಪಟ್ಟಿ ಸೇರಿದಳು. ಮರುದಿನದಿಂದ ಹುಡುಗರು ಅವಳನ್ನು ‘ರೋಡ್ ರೋಲರ್’ ಎಂದು ಕರೆಯತೊಡಗಿದರು. ಅಲ್ಲಿಯವರೆಗೆ ಅವಳನ್ನು ಹೆಸರಿನಿಂದಲೇ ಕರೆಯುತ್ತಿದ್ದರು.

ಆ ಸೋಮವಾರ ಸಂಜೆ ಅವಳು ಅಂಗಡಿಗೆ ಬಂದು, ಯೂನಿಫಾರ್ಮಿನ ಅಂಗಿಯನ್ನು ಇನ್ನೂ ಉದ್ದ ಮಾಡಿಕೊಡು ಎಂದಳು. ಎಷ್ಟು ಉದ್ದ ಎಂದೆ. ಎಲ್ಲಾ ಮುಚ್ಚೋ ಅಷ್ಟು ಎಂದಳು. ನಾನು ನಕ್ಕೆ. ಮಾನ್ಯರೇ, ನನ್ನ ತಪ್ಪನ್ನೂ ಇಲ್ಲಿ ಬಚ್ಚಿಡುವುದಿಲ್ಲ. ಪಟ್ಟಿಯ ವಿಷಯ ಕೇಳಿದಾಗ, ಒಳ್ಳೆಯದೇ ಆಯಿತು, ಸ್ವಲ್ಪ ಇಳಿಯಲಿ ಎಂದುಕೊಂಡೆ. ಮದುವೆಯಾಗಿ ಹೋದ ದಿನದಿಂದ ಅತ್ತೆ ಮನೆಯಲ್ಲಿ ನನ್ನ ಮೈಯ ಬಗ್ಗೆ ಕೇಳಿದ ಮಾತುಗಳನ್ನು ಇವಳು ಕೇಳಬಾರದು ಎಂಬುದು ನನ್ನ ಲೆಕ್ಕವಾಗಿತ್ತು.

ಒಂದು ತಿಂಗಳಾಗುವಷ್ಟರಲ್ಲಿ ಸ್ಕರ್ಟ್ ಸಡಿಲವಾಯಿತು, ಸೊಂಟದ ಹತ್ತಿರ ಹೊಲಿಗೆ ಹಿಡಿದು ಕೊಟ್ಟೆ. ಇನ್ನೊಂದು ತಿಂಗಳಿಗೆ ಮತ್ತೆ ಹಿಡಿದೆ. ಮೂರನೆಯ ಸಲ ಹಿಡಿದು, ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ, “ಈಗ ನೋಡು, ಎಷ್ಟು ಚೆಂದ ಕಾಣ್ತೀಯ” ಎಂದೆ. ಬಟ್ಟೆ ಕೊಡಲು ಬಂದವರೂ ಹೊಗಳಿದರು. ಅವಳು ಡಬ್ಬಿಯ ಊಟವನ್ನು ಗೆಳತಿಯರಿಗೆ ಹಂಚಿ ಬರುತ್ತಿದ್ದಳು, ಮನೆಯಲ್ಲಿ ಶಾಲೆಯಲ್ಲೇ ತಿಂದೆ ಎನ್ನುತ್ತಿದ್ದಳು. ಅವಳ ಅಪ್ಪ ಲಿಫ್ಟ್ ರಿಪೇರಿ ಮಾಡುವವರು, ವಾರಕ್ಕೆ ನಾಲ್ಕು ದಿನ ಮನೆಯಲ್ಲಿ ಊಟಕ್ಕಿರುವುದಿಲ್ಲ. ಅವರು ಒಮ್ಮೆ, ಇವಳು ಯಾಕೋ ಮಾತು ಕಡಿಮೆ ಮಾಡಿದಾಳಲ್ಲ ಎಂದರು. ದೊಡ್ಡವಳಾಗುತ್ತಿದ್ದಾಳೆ ಬಿಡಿ ಎಂದೆ. ಬಟ್ಟೆ ಕಾಲಿಂಚು ಹೆಚ್ಚುಕಡಿಮೆಯಾದರೂ ಕಣ್ಣಳತೆಯಲ್ಲೇ ಹೇಳಬಲ್ಲ ನಾನು ಮೂರು ತಿಂಗಳು ನನ್ನ ಮನೆಯೊಳಗೇ ಕುರುಡಿಯಾಗಿದ್ದೆ.

ಅವಳು ಕೆಂಪಿನಿಂದ ಹಳದಿಗೆ ಬಂದಳು, ಹಳದಿಯಿಂದ ಹಸಿರಿಗೆ. ಹಸಿರಿಗೆ ಬಂದ ದಿನ ಸಭೆಯಲ್ಲಿ ಅವಳನ್ನು ಮುಂದೆ ಕರೆದು ಚಪ್ಪಾಳೆ ಹೊಡೆಸಿದರು. ಒಂಬತ್ತು ದಿನದ ನಂತರ ಆಟದ ಮೈದಾನದಲ್ಲಿ, ಮೊದಲು ಒಂದೇ ಕೈಯಲ್ಲಿ ಎತ್ತುತ್ತಿದ್ದ ಗುಂಡನ್ನು ಎರಡೂ ಕೈಯಿಂದ ಎತ್ತಲು ಹೋಗಿ ಕುಸಿದುಬಿದ್ದಳು. ಹುಬ್ಬಿನ ಮೇಲೆ ಐದು ಹೊಲಿಗೆ. ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮಗಳ ಜೊತೆ ಒಬ್ಬರೇ ಅರ್ಧ ಗಂಟೆ ಮಾತಾಡಿ ಹೊರಗೆ ಬಂದು, ನನ್ನ ಪಕ್ಕದ ಬೆಂಚಿನಲ್ಲೇ ಕೂತರು.

“ಇವಳು ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತು, ಗೊತ್ತಾ ನಿಮಗೆ?”

ಹೃದಯದ ಬಡಿತ ನಿಧಾನವಾಗಿದೆ, ಕೆಲವು ದಿನ ಇಲ್ಲೇ ಇರಲಿ, ಮೈ ಸುಧಾರಿಸುವುದಕ್ಕಿಂತ ಮನಸ್ಸು ಸುಧಾರಿಸಲು ಹೆಚ್ಚು ದಿನ ಹಿಡಿಯುತ್ತದೆ ಎಂದರು. ಹನ್ನೊಂದು ದಿನ ಅಲ್ಲಿದ್ದೆವು.

ನಾಲ್ಕನೆಯ ದಿನ ನಾನು ಮಗಳ ಕ್ಷಮೆ ಕೇಳಿದೆ. ಚೆಂದ ಕಾಣುತ್ತೀಯ ಎಂದು ಹೊಗಳಿದ್ದು ನನ್ನ ದೊಡ್ಡ ತಪ್ಪು ಎಂದೆ. ಅವಳು ಚಾವಣಿ ನೋಡುತ್ತಾ ಹೇಳಿದಳು:

“ನೀನು ನನ್ನ ಚೆಂದ ಅಂದಿದ್ದು ಅದೊಂದೇ ಸಲ ಅಮ್ಮ.”

ಮಾನ್ಯರೇ, ಇದಕ್ಕೆ ನಾನು ಉತ್ತರ ಕೊಡಬೇಕು, ತಾವಲ್ಲ. ಕೊಡುತ್ತಲೂ ಇದ್ದೇನೆ. ಆದರೆ ನನ್ನ ಒಂದು ಮಾತು ಇಷ್ಟು ಆಳಕ್ಕೆ ಇಳಿದಿದ್ದರೆ, ಹದಿಮೂರು ವಾರ ಧ್ವನಿವರ್ಧಕದಲ್ಲಿ ಕೂಗಿದ ಅಂಕಿ ಎಷ್ಟು ಆಳಕ್ಕೆ ಇಳಿದಿರಬೇಕು?

ಮೊದಲು ಶಾಲೆಗೆ ಹೋದೆ. ವ್ಯಾಯಾಮದ ಮೇಷ್ಟ್ರು ಕೆಟ್ಟವರಲ್ಲ, ಅವಳಿಗೆ ಗುಂಡು ಹಿಡಿಯಲು ಕಲಿಸಿದವರೇ ಅವರು. ಸುತ್ತೋಲೆಯನ್ನು ಮುಂದಿಟ್ಟು, “ನಾನೂ ಕೆಂಪು ಪಟ್ಟೀಲಿ ಬರೋನೇ ಅಮ್ಮ. ನನ್ನನ್ನ ತೂಗಿ ಅಂತ ಇದರಲ್ಲಿ ಬರೆದಿಲ್ಲ, ಅದಕ್ಕೆ ಉಳ್ಕೊಂಡೆ” ಎಂದು ತಮ್ಮದೇ ಹೊಟ್ಟೆಯನ್ನು ನೋಡಿಕೊಂಡರು. ತಲೆ ಎತ್ತಲಿಲ್ಲ. ಪಟ್ಟಿ ತೆಗೆಯುವ ಅಧಿಕಾರ ನಿರ್ದೇಶಕರಾದ ತಮಗೆ ಮಾತ್ರ ಇದೆ ಎಂದು ತಿಳಿಸಿ ನನ್ನನ್ನು ತಮ್ಮ ಬಳಿ ಕಳಿಸಿದವರೂ ಅವರೇ.

ತಮ್ಮ ಕೋಣೆಯ ಹೊರಗೆ ಎರಡು ಗಂಟೆ ಕೂತಿದ್ದೆ. ಎದುರಿನ ಗೋಡೆಯ ಮೇಲೆ ದೊಡ್ಡದೊಂದು ಪೋಸ್ಟರ್. ‘ನಮ್ಮ ಯಶೋಗಾಥೆಗಳು’ ಎಂದು ತಲೆಬರಹ. ಕೆಳಗೆ ಜೋಡಿ ಜೋಡಿ ಫೋಟೊ: ಅಂದು, ಇಂದು. ಮೂರನೆಯ ಜೋಡಿ ನನ್ನ ಮಗಳದು. ‘ಅಂದು’ ಎಂಬುದರಲ್ಲಿ ಅವಳು ಕಪ್ಪು ಹಿಡಿದು ಹಲ್ಲು ಬಿಟ್ಟು ನಗುತ್ತಿದ್ದಾಳೆ. ‘ಇಂದು’ ಎಂಬುದು ಚಪ್ಪಾಳೆಯ ದಿನ ತೆಗೆದದ್ದು. ಕೆನ್ನೆ ಒಳಗೆ ಹೋಗಿದೆ, ಕಣ್ಣು ಎಲ್ಲೋ ಇದೆ. ಇದನ್ನು ಅಚ್ಚು ಹಾಕಿಸುವ ಮುನ್ನ ಹೆತ್ತವರನ್ನು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲವೆ? ಹೋಗಲಿ, ಎರಡು ಫೋಟೊಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದವರಲ್ಲಿ ಒಬ್ಬರಿಗಾದರೂ, ಮಗು ಯಾವುದರಲ್ಲಿ ಆರೋಗ್ಯವಾಗಿದೆ ಎಂದು ಕಾಣಿಸಲಿಲ್ಲವೆ?

ಒಳಗೆ ಕರೆದಾಗ ತಾವು ಮರ್ಯಾದೆಯಿಂದಲೇ ಮಾತಾಡಿಸಿದಿರಿ, ಕುರ್ಚಿ ಕೊಡಿಸಿದಿರಿ. ಎಲ್ಲವನ್ನೂ ಕೇಳಿಸಿಕೊಂಡು ಹೇಳಿದಿರಿ: “ಸ್ವಲ್ಪ ನಾಚಿಕೆ ಇದ್ರೆ ಮಕ್ಕಳು ತಿದ್ಕೋತಾರಮ್ಮ. ಒಂದೆರಡು ಅಪವಾದ ಇದ್ದೇ ಇರುತ್ತೆ.” ಅಪವಾದ ಎಂಬುದಕ್ಕೆ ಎರಡು ಅರ್ಥ. ನಿಯಮಕ್ಕೆ ಹೊರತಾದದ್ದು ಎಂಬುದೊಂದು, ಸುಳ್ಳು ದೂರು ಎಂಬುದಿನ್ನೊಂದು. ಆಸ್ಪತ್ರೆಯಲ್ಲಿ ಮಲಗಿದ್ದ ನನ್ನ ಮಗಳು ತಮಗೆ ಯಾವ ಅರ್ಥದ ಅಪವಾದ? ಮಕ್ಕಳ ಆರೋಗ್ಯ ನೋಡಬೇಡಿ ಎಂದು ನಾನು ಹೇಳುತ್ತಿಲ್ಲ. ನರ್ಸೊಬ್ಬರು ಬಾಗಿಲು ಮುಚ್ಚಿ ನೋಡಲಿ, ತೊಂದರೆಯಿದ್ದರೆ ಮನೆಯವರನ್ನು ಕರೆಸಿ ಹೇಳಲಿ. ಬೆಳೆಯುವ ಮೈಯನ್ನು ಊರಿಗೆಲ್ಲ ಓದಿ ಹೇಳುವುದರಿಂದ ಯಾವ ಕಾಯಿಲೆ ವಾಸಿಯಾಗುತ್ತದೆ?

ಮಗಳು ಈಗ ಮನೆಯಲ್ಲಿದ್ದಾಳೆ. ಊಟ ಮಾಡುತ್ತಾಳೆ, ಕೆಲವು ದಿನ ಪೂರ್ತಿ, ಕೆಲವು ದಿನ ತಟ್ಟೆ ಮುಂದಿಟ್ಟುಕೊಂಡು ಒಂದು ಗಂಟೆ ಸುಮ್ಮನೆ ಕೂರುತ್ತಾಳೆ. ನಾವೂ ಜೊತೆಗೆ ಕೂರುತ್ತೇವೆ, ಏನೂ ಹೇಳುವುದಿಲ್ಲ. ಸ್ಕರ್ಟಿನ ಹೊಲಿಗೆ ಬಿಚ್ಚಿಕೊಡಲು ಹೋದರೆ ಇನ್ನೂ ಅಳುತ್ತಾಳೆ. ವಾಸಿಯಾಯಿತು ಎಂದು ಬರೆಯುವ ಹಾಗಿಲ್ಲ. ಈ ಪತ್ರವನ್ನು ಅವಳಿಗೆ ಓದಿಸಿದ್ದೇನೆ. ಬರೆಯಬಹುದು, ಆದರೆ ನನ್ನ ತೂಕದ ಅಂಕಿ ಒಂದೂ ಹಾಕಬೇಡ ಎಂದಳು. ಹಾಕಿಲ್ಲ.

ಈಗ ನನ್ನ ಬೇಡಿಕೆ. ಎಲ್ಲ ಶಾಲೆಗಳ ಗೋಡೆಯಿಂದ ಆ ಪಟ್ಟಿಗಳನ್ನು ತೆಗೆಸಿ. ತಮ್ಮ ಗೋಡೆಯ ಮೇಲಿನ ಫೋಟೊಗಳನ್ನೂ ತೆಗೆಸಿ. ಮತ್ತು ಯಾವ ಧ್ವನಿವರ್ಧಕದಲ್ಲಿ ಅಂಕಿಗಳನ್ನು ಓದಿಸಿದಿರೋ ಅದೇ ಧ್ವನಿವರ್ಧಕದಲ್ಲಿ, ನಾವು ತಪ್ಪು ಮಾಡಿದೆವು ಎಂದು ಮಕ್ಕಳಿಗೆ ಓದಿ ಹೇಳಿಸಿ. ಡಾಕ್ಟರಮ್ಮ ಒಪ್ಪಿದ್ದಾರೆ, ಬರುವ ಸೋಮವಾರ ಮಗಳು ಶಾಲೆಗೆ ಬರುತ್ತಾಳೆ. ತೂಕದ ಯಂತ್ರ ಹತ್ತುವುದಿಲ್ಲ. ಸಾಲಿನಲ್ಲಿ ಅವಳ ಪಕ್ಕ ನಾನು ನಿಂತಿರುತ್ತೇನೆ. ನಲವತ್ತೊಂದು ವರ್ಷದ ಈ ಮೈಯ ತೂಕವನ್ನು ನಾನು ಗಂಡನಿಗೂ ಹೇಳಿದವಳಲ್ಲ. ಸುತ್ತೋಲೆ ಪಾಲಿಸಲು ಒಂದು ಅಂಕಿ ಬೇಕೇ ಬೇಕೆಂದಾದರೆ ಅದನ್ನು ಬರೆದುಕೊಳ್ಳಿ, ಗಟ್ಟಿಯಾಗಿ ಓದಿ. ನಾನು ಉಸಿರು ಬಿಗಿಹಿಡಿಯುವುದಿಲ್ಲ, ಬಿಟ್ಟೇ ನಿಲ್ಲುತ್ತೇನೆ.

ಇಂತಿ,
ತಮ್ಮ ಮೂರನೆಯ ಯಶೋಗಾಥೆಯನ್ನು ಹೆತ್ತವಳು