ಈ ವರ್ಷ ಗೊಂಬೆ ನಿನ್ನ ಮನೆಯ ಸರದಿ

ವಸಂತಕ್ಕಾ,

ನಾನು, ನಿನ್ನ ಪದ್ದಿ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು ಕಾಗದ ಬರೆಯಲು ಕೂತಿದ್ದೇನೆ, ನಗಬೇಡ. ನೀನು ಹೋದ ಮೇಲೆ ಬಂದ ಮೊದಲ ನವರಾತ್ರಿ ಮುಗಿಯಿತು. ಗೊಂಬೆಗಳು ಏನಾದವು ಎಂದು ನಿನಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಸಿಡ್ನಿಯ ಗಿರಾವೀನ್‌ನಲ್ಲಿ ನಾವು ಅಕ್ಕಪಕ್ಕದ ಯೂನಿಟ್‌ಗಳಲ್ಲಿದ್ದಾಗ ನೀನು ಮೊದಲ ಸಲ ಆ ಪೆಟ್ಟಿಗೆ ತೆರೆದದ್ದು ನೆನಪಿದೆಯಾ? ಹಳೇ ಪಂಚೆಯಲ್ಲಿ ಸುತ್ತಿದ್ದ ಮರದ ರಾಜ, ರಾಣಿ. ಮೈಸೂರಿನಲ್ಲಿ ನಿನ್ನ ಮದುವೆಗೆ ನಿಮ್ಮಮ್ಮ ಕೊಟ್ಟ ಪಟ್ಟದ ಗೊಂಬೆಗಳು. "ಏರ್‌ಪೋರ್ಟಲ್ಲಿ ಆ ಆಫೀಸರ್ರು ಮರದಲ್ಲಿ ಹುಳ ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿದ ಕಣೇ. ಮದುವೆ ಆಗಿರೋ ಹೆಂಗಸು, ಹಾಗೆಲ್ಲ ಸೀರೆ ಎತ್ತಬೇಡಪ್ಪಾ ಅಂತ ಕನ್ನಡದಲ್ಲೇ ಬೈದೆ" ಎಂದು ನೀನು ನಕ್ಕಿದ್ದೆ. ನನ್ನ ಮದುವೆ ರಿಜಿಸ್ಟರ್ ಆಫೀಸಿನಲ್ಲಿ ಆದದ್ದು. ನನಗೆ ಗೊಂಬೆ ಕೊಡುವವರು ಯಾರಿದ್ದರು? ಮುಟ್ಟಿದರೆ ಎಲ್ಲಿ ಬಣ್ಣ ಹೋಗುತ್ತದೋ ಎಂದು ದೂರ ನಿಂತಿದ್ದವಳ ಮಡಿಲಿಗೆ ರಾಣಿಯನ್ನು ಹಾಕಿ, "ನೀನು ಟೈಲರಮ್ಮ ಅಲ್ವೇನೇ, ಇವಳಿಗೊಂದು ಸೀರೆ ಹೊಲಿ" ಎಂದೆ. ಅಂದಿನಿಂದ ಪ್ರತಿ ದಸರೆಗೆ ಅವರಿಬ್ಬರ ಹೊಸ ಬಟ್ಟೆ ನನ್ನ ಪಾಲಿಗೆ ಬಂತು.

ಗಿರೀಶ್ ಭಾವನಿಗೆ ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿ ನೀವು ಬಾಕ್ಸ್ ಹಿಲ್‌ಗೆ ಹೊರಟ ದಿನ ನಾನು ಸಾಮಾನಿನ ಲಾರಿ ಹಿಂದೆ ನಿಂತು ಅಳುತ್ತಿದ್ದೆ. ಆಗಲೇ ನೀನು ಆ ಕಟ್ಟಳೆ ಮಾಡಿದ್ದು. "ಒಂದು ವರ್ಷ ಗೊಂಬೆ ನಮ್ಮನೇಲಿ, ಒಂದು ವರ್ಷ ನಿಮ್ಮನೇಲಿ. ಎಲ್ಲಿ ಕೂರ್ಸಿದ್ರೂ ಇನ್ನೊಬ್ರು ಅಲ್ಲಿಗೆ ಬರ್ಲೇಬೇಕು. ಇಲ್ದಿದ್ರೆ ನೀನು ಶಿಫ್ಟು, ನೆಗಡಿ, ರೈಲಲ್ಲಿ ಕಳ್ಳರು ಅಂತ ಬರೋದೇ ಇಲ್ಲ." ಪೆಟ್ಟಿಗೆ ನನ್ನ ಕೈಯಲ್ಲಿದ್ದಾಗಲೆಲ್ಲ ಬೆಳಗಿನ ರೈಲು ಹತ್ತಿ, ಸಂಜೆ ಇಳಿಯುವವರೆಗೂ ಅದನ್ನು ಮಡಿಲಿನಿಂದ ಕೆಳಗಿಡುತ್ತಿರಲಿಲ್ಲ. ವಿಮಾನದವರು ಎಸೆದುಬಿಟ್ಟರೆ? ಮೇಲಿನ ಹಲಗೆಯಿಂದ ಜಾರಿ ರಾಣಿಯ ಮೂಗು... "ನಿನ್ನ ಜೊತೆ ಓಡಾಡಿದ್ರೆ ಗೊಂಬೆಗಳಿಗೂ ಬೀಪಿ ಬರುತ್ತೆ" ಎಂದು ಸ್ಟೇಷನ್ನಿನಲ್ಲಿ ಎಲ್ಲರೆದುರು ಹೇಳುತ್ತಿದ್ದೆಯಲ್ಲ.

ಹೋದ ವರ್ಷ ನಮ್ಮನೆಯ ಸರದಿ. ನೀನು ಆ ನೇರಳೆ ಶಾಲು ಹೊದ್ದು ಬಂದಿದ್ದೆ. ಅಕ್ಟೋಬರಿನ ಸಿಡ್ನಿ ಬಿಸಿಲಿನಲ್ಲೂ ಅದನ್ನು ತೆಗೆಯಲಿಲ್ಲ. ಇಷ್ಟು ಇಳಿದುಹೋಗಿದ್ದೀಯಲ್ಲ ಎಂದು ಕೇಳಿದರೆ, "ಡಯೆಟ್ಟು ಕಣೇ, ಸುಮ್ನಿರು" ಎಂದೆ. ಎಲ್ಲದಕ್ಕೂ ಹೆದರುವ ನಾನು ಆ ಒಂದು ಸುಳ್ಳನ್ನು ಮಾತ್ರ ಯಾಕೆ ನಂಬಿದೆನೋ... ಚಳಿಗಾಲ ಕಳೆಯುವುದರೊಳಗೆ ನೀನಿರಲಿಲ್ಲ. ಗೊಂಬೆಗಳು ನನ್ನ ಕಬೋರ್ಡಿನಲ್ಲೇ ಉಳಿದವು.

ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಸಾವಾದ ಮನೆಯಲ್ಲಿ ವರ್ಷದ ತಿಥಿ ಆಗುವ ತನಕ ಹಬ್ಬ ಮಾಡಬಾರದು. ಆದರೆ ಪಟ್ಟದ ಗೊಂಬೆಯನ್ನು ಒಂದು ವರ್ಷವೂ ಕತ್ತಲಲ್ಲಿ ಬಿಡಬಾರದು ಎಂದು ನನಗೆ ಹೇಳಿಕೊಟ್ಟವಳು ನೀನೇ. ಕೂರಿಸಿದರೆ ತಪ್ಪು, ಕೂರಿಸದಿದ್ದರೂ ತಪ್ಪು. ಯಾರನ್ನು ಕೇಳಲಿ? ಇಂಥದ್ದನ್ನೆಲ್ಲ ಕೇಳುತ್ತಿದ್ದದ್ದು ನಿನ್ನನ್ನೇ ಅಲ್ಲವಾ? ಭಾವನಿಗೆ ಫೋನ್ ಮಾಡಿದೆ. "ಈ ವರ್ಷ ಬೇಡ ಪದ್ಮ. ನೀವೇ ಇಟ್ಕೊಂಬಿಡಿ. ನಮ್ಮನೇಲಿ ಇನ್ನು ಯಾರು ಕೂರಿಸ್ತಾರೆ?" ಎಂದರು. ಗೊಂಬೆ ಇಲ್ಲದವಳಿಗೆ ಗೊಂಬೆ ಸಿಕ್ಕಿತು. ಆದರೆ ಅವು ನನ್ನ ಹತ್ತಿರವೇ ಉಳಿದರೆ ಆ ಮನೆಗೆ ಹೋಗಲು ನನಗೆ ಏನು ನೆಪ ಉಳಿಯಿತು? ನಿನ್ನ ಮಗಳು ನಿಧಿ ನನಗೆ ಯಾರೋ ಆಗಿಬಿಡುವುದಿಲ್ಲವಾ?

ನಮ್ಮನೆಯವರು "ಕರೀದೇ ಹೆಂಗೇ ಹೋಗ್ತೀಯ?" ಎಂದರು. ಎರಡು ದಿನ ನನ್ನ ಗೊಣಗಾಟ ಕೇಳಿ, "ಹೋಗ್ ಬಾರೇ ತಾಯಿ, ನನ್ನ ತಲೆನಾದ್ರೂ ಉಳೀಲಿ" ಎಂದು ಟಿಕೆಟ್ ಬುಕ್ ಮಾಡಿಕೊಟ್ಟರು.

ಬಾಗಿಲು ತೆಗೆದದ್ದು ನಿಧಿ. ಎಷ್ಟು ಉದ್ದವಾಗಿದ್ದಾಳೆ ಅಕ್ಕ! ಬಾಗಿಲ ಪಕ್ಕ ನಿನ್ನ ಚಪ್ಪಲಿ ಇನ್ನೂ ಹಾಗೇ ಇದೆ. ಭಾವ ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು. "ಬೇಡ ಅಂದಿದ್ನಲ್ಲ ಪದ್ಮ" ಎಂದಷ್ಟೇ ಹೇಳಿ ಕಾಫಿ ಮಾಡಲು ಒಳಗೆ ಹೋದರು. ನಾನು ಸೋಫಾದ ತುದಿಯಲ್ಲಿ ಪೆಟ್ಟಿಗೆಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತೆ. ವಾಪಸ್ ಹೋಗುವ ರೈಲು ಎಷ್ಟು ಹೊತ್ತಿಗೆ ಎಂದು ಯೋಚಿಸುತ್ತಿದ್ದೆ.

"ಆಂಟಿ, ಆರ್ ದೇ ಇನ್ ದೇರ್?" ಎಂದು ನಿಧಿ ಪಕ್ಕಕ್ಕೆ ಬಂದಳು. ನಾನು ಎಲ್ಲವನ್ನೂ ಹೇಳಿದೆ. "ಈ ವರ್ಷ ಹಬ್ಬ ಇಲ್ಲ ಪುಟ್ಟಿ. ಹೊಸ ಬಟ್ಟೆ ಹೊಲಿದಿಲ್ಲ, ಆರತಿ ಮಾಡೋ ಹಾಗಿಲ್ಲ. ಒಳಗೇ ಇಡೋಣ ಅಂದ್ರೆ ನಿಮ್ಮಮ್ಮ..." ಅವಳು ಪೆಟ್ಟಿಗೆಯನ್ನು ನನ್ನ ಮಡಿಲಿನಿಂದ ತನ್ನ ಮಡಿಲಿಗೆ ಎಳೆದುಕೊಂಡಳು.

"ಓಕೆ. ನೋ ನ್ಯೂ ಕ್ಲೋದ್ಸ್. ನೋ ಆರತಿ. ಬಟ್ ದೇ ಕ್ಯಾನ್ ಜಸ್ಟ್ ಸಿಟ್, ರೈಟ್? ವಿ ಆರ್ ಜಸ್ಟ್ ಸಿಟಿಂಗ್ ಟೂ."

ಅವಳೇ ಪಂಚೆ ಬಿಚ್ಚಿ, ಹೋದ ವರ್ಷದ ಹಸಿರು ಬಟ್ಟೆಯಲ್ಲೇ ಇಬ್ಬರನ್ನೂ ಊಟದ ಮೇಜಿನ ಮೇಲೆ, ನೀನು ಕೂರುತ್ತಿದ್ದ ಜಾಗದೆದುರು ಇಟ್ಟಳು. ಮೆಟ್ಟಿಲಿಲ್ಲ, ದೀಪವಿಲ್ಲ. ಕಾಫಿ ಹಿಡಿದು ಬಂದ ಭಾವ ಅಲ್ಲೇ ನಿಂತುಬಿಟ್ಟರು. ಈಗ ಬೈಯುತ್ತಾರೆ, ಈಗ ತೆಗೆ ಎನ್ನುತ್ತಾರೆ ಎಂದು ನಾನು ಸೆರಗು ಹಿಂಡುತ್ತಿದ್ದೆ. ಅವರು ಲೋಟ ಕೆಳಗಿಟ್ಟು ರಾಣಿಯನ್ನು ಎತ್ತಿ ಆ ಕಡೆಗೆ ಇಟ್ಟರು. "ರಾಣಿ ರಾಜನ ಎಡಗಡೆ ಇರ್ಬೇಕು. ಇಲ್ದಿದ್ರೆ ಅವಳು ಬೈತಾಳೆ" ಎಂದರು. 'ಬೈತಿದ್ಲು' ಎನ್ನಲಿಲ್ಲ. ಆ ದಿನ ನಾವು ಮೂವರೂ ಅವರೆದುರು ಬರೀ ಅನ್ನ ಸಾರು ಉಂಡೆವು.

ರಜೆ ಮುಗಿದು, ವಿಜಯದಶಮಿಗೆ ಮೊದಲೇ ನಾನು ಹೊರಡಬೇಕಾಯಿತು. ಗೊಂಬೆಗಳನ್ನು ಅಲ್ಲೇ ಬಿಟ್ಟೆ. ಬರುವಾಗ ಮಡಿಲು ಖಾಲಿ. ಆದರೂ ರೈಲು ಜಗ್ಗಿದಾಗಲೆಲ್ಲ ನನ್ನ ಎರಡೂ ಕೈ ಮಡಿಲಿಗೇ ಓಡುತ್ತಿದ್ದವು. ಮನೆಗೆ ಬಂದು ನೋಡಿದರೆ ಆ ಹಳೇ ಪಂಚೆ ನನ್ನ ಬ್ಯಾಗಿನಲ್ಲಿದೆ! ಇನ್ನು ಗೊಂಬೆಗಳನ್ನು ಯಾತರಲ್ಲಿ ಸುತ್ತುತ್ತಾರೆ? ಬಣ್ಣ ಉಜ್ಜಿಹೋದರೆ? ಊಟ ಸೇರಲಿಲ್ಲ.

ದಶಮಿಯ ಸಂಜೆ ನಿಧಿಯದೇ ಫೋನ್. ಗೊಂಬೆಗಳನ್ನು ಹೇಗೆ ಮಲಗಿಸುವುದು, ಯಾವ ಕಡೆಗೆ ತಲೆ ಎಂದು ಕೇಳಿದಳು. ಹೇಳಿದೆ. ಆಮೇಲೆ ಸಣ್ಣ ದನಿಯಲ್ಲಿ, "ಆಂಟಿ, ಐ ಕುಡಂಟ್ ಫೈಂಡ್ ದಟ್ ಪಂಚೆ. ಐ ಯೂಸ್ಡ್ ಅಮ್ಮಾಸ್ ಶಾಲ್. ಈಸ್ ದಟ್ ಓಕೆ?" ಎಂದಳು.

ನಿನ್ನ ನೇರಳೆ ಶಾಲು. ಎಲ್ಲದಕ್ಕೂ ತಪ್ಪಾಯಿತೇನೋ ಎನ್ನುವ ನಾನು, "ಅದೇ ಸರಿ ಪುಟ್ಟಿ" ಎಂದೆ.

ಮುಂದಿನ ವರ್ಷ ಸಿಡ್ನಿಯ ಸರದಿಯಂತೆ, ಅವಳೇ ತರುತ್ತಾಳಂತೆ. "ಆನ್ ಮೈ ಲ್ಯಾಪ್ ಆಂಟಿ, ಐ ನೋ, ಐ ನೋ" ಎಂದು ನಿನ್ನ ಹಾಗೇ ರೇಗಿಸಿದಳು. ಅಷ್ಟರಲ್ಲಿ ನಿನ್ನ ವರ್ಷದ ತಿಥಿ ಮುಗಿದಿರುತ್ತದೆ. ರಾಣಿಗೆ ಹೊಸ ಸೀರೆ ಹೊಲಿದಿಟ್ಟು ಸ್ಟೇಷನ್ನಿಗೆ ಹೋಗುತ್ತೇನೆ. ಸಂಜೆಯ ಗಾಡಿಗೆ ಮಧ್ಯಾಹ್ನವೇ ಹೋಗಿ ನಿಂತಿರುತ್ತೇನೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ನಿನ್ನ
ಪದ್ದಿ