ಗೇಟಿನ ಬಳಿಯ ದರ್ಭೆ

ಬಳ್ಳಾರಿ
ಮಂಗಳವಾರ, 21 ಮೇ 2024

ಪ್ರೀತಿಯ ಶ್ರೀವಲ್ಲಿ,

ನಿನ್ನ ಅತ್ತೆಯ ಮನಃಪೂರ್ವಕ ಆಶೀರ್ವಾದಗಳು. ಬೆನ್ನುನೋವು ಹೇಗಿದೆ? ಕೂಸಿಗೆ ಎಣ್ಣೆನೀರು ತಪ್ಪಿಸುತ್ತಿಲ್ಲ ತಾನೆ? ಬಾಣಂತನದಲ್ಲಿ ನಿಮ್ಮಮ್ಮ ನನಗಿಂತ ಗಟ್ಟಿ, ಗೊತ್ತಿದ್ದೂ ಕೇಳುತ್ತೇನೆ, ಅಜ್ಜಿಯ ಚಟ. ಶುಕ್ರವಾರ ನೀವು ಸಿರುಗುಪ್ಪದಿಂದ ಬರುತ್ತೀರೆಂದು ತೊಟ್ಟಿಲು ಒರೆಸಿ, ನನ್ನ ಹಳೇ ಸೀರೆಯ ಕೌದಿ ಹಾಸಿಟ್ಟಿದ್ದೇನೆ. ನಾಮಕರಣದ ದಿನ ನೋಡಿದ್ದು, ಆಮೇಲೆ ಮೂರು ತಿಂಗಳಾಗುತ್ತ ಬಂತು.

ಫೋನಿನಲ್ಲಿ ಹೇಳಿದರೆ ಅತ್ತುಬಿಡುತ್ತೇನೆ, ಅದಕ್ಕೇ ಈ ಕಾಗದ. ನಾಳೆ ಪಕ್ಕದ ಮನೆಯ ವೆಂಕಣ್ಣನ ಕೈಲಿ ಕಳಿಸುತ್ತೇನೆ. ನನ್ನ ಮಗರಾಯ ರಘೋತ್ತಮ ಹಾಕಿಸಿದ ಲಾನ್ ಟ್ಯಾಂಕರ್ ನೀರು ಕುಡಿದೂ ಸುಟ್ಟುಹೋದಾಗ, ನೀನು ಹಗರಿ ದಂಡೆಯಿಂದ ಬುಡ ತಂದು ಗೇಟಿನ ಎರಡೂ ಕಡೆ ದರ್ಭೆ ನೆಟ್ಟೆಯಲ್ಲ, ಅದರ ವಿಷಯ. ನೀರಿಲ್ಲದೆಯೂ ಎದೆಮಟ್ಟ ಬೆಳೆದು ತೆನೆ ತೂಗಿ, ದಾರಿಹೋಕರೆಲ್ಲ ನಿಂತು ನೋಡುವಂತಾಯಿತು. ಹೆರಿಗೆಗೆ ಹೊರಡುವ ಮುಂಚೆ ನೀನು, "ಒಣಗಿದ್ದು ಗೇಣುದ್ದ ಬಿಟ್ಟು ಕೊಯ್ತೀನ್ರಿ ಅತ್ತಿ, ಇಲ್ಲಂದ್ರ ಹುಳಹುಪ್ಪಡಿ ಸೇರ್ತಾವ" ಎಂದೆ. ನಾನು, "ಶ್ರಾದ್ಧಕ್ಕ ಬಳಸೋ ದರ್ಭಿ ಅದು, ಶ್ರಾವಣದ ಅಮಾಸಿ ಬಿಟ್ಟು ಬ್ಯಾರೆ ದಿನ ಕೊಯ್ದ್ರ ಪಾಪ, ಕುಡುಗೋಲು ಹಚ್ಚಬ್ಯಾಡ" ಎಂದು ಗದರಿದೆ. ನೀನು ಕುಡುಗೋಲು ಒಳಗಿಟ್ಟೆ.

ಈ ಬೆಳಿಗ್ಗೆ ರಂಗೋಲಿ ಹಾಕಲು ಕೂತಾಗ ಆ ಒಣಹುಲ್ಲಿನ ಬುಡದಲ್ಲಿ ಮಾರುದ್ದದ ಹಾವಿನ ಪೊರೆ ಕಂಡೆ. ಕೈಯಲ್ಲಿದ್ದ ಬಟ್ಟಲು ಬಿತ್ತು. ರಘುವಿಗೆ ಹೇಳಿದರೆ ಬೇರುಸಹಿತ ಕಿತ್ತುಹಾಕುತ್ತಾನೆ, ನೀನು ಆಸೆಪಟ್ಟು ಬೆಳೆಸಿದ್ದು. ಹಾವು ಹಿಡಿಯುವ ಅಂಜಿನಪ್ಪನನ್ನು ಕುರುಗೋಡಿನಿಂದ ಕರೆಸಿದ್ದೇನೆ, ದಾರಿಯಲ್ಲಿದ್ದಾನೆ. ಅವನ ಕೈಲೇ ಇವತ್ತೇ ಕೊಯ್ಯಿಸುತ್ತೇನೆ. ಪಾಪ ಬಂದರೆ ನನಗಿರಲಿ. ನಿನ್ನ ಮಾತು ಕೇಳಬೇಕಿತ್ತು, ತಪ್ಪು ನನ್ನದೇ.

ನಿಮ್ಮಮ್ಮನಿಗೆ ನಮಸ್ಕಾರ ತಿಳಿಸು. ನಿನ್ನನ್ನೂ ಕೂಸನ್ನೂ ರಾಯರು ಕಾಯಲಿ.

ನಿನ್ನ ಅತ್ತೆ,
ಗಿರಿಜಾಬಾಯಿ

ತಾ.ಕ.: ಅಂಜಿನಪ್ಪ ಈಗಷ್ಟೇ ಹೋದ. ಪೊರೆ ನೋಡಿ, "ಕೊಳಕಮಂಡಲದ್ದು ಅಮ್ಮಾರ, ಭಾಳ ವಿಷ, ಮರಿ ಹಾಕೋ ಕಾಲ ಇದು, ಇಪ್ಪತ್ತು ಮೂವತ್ತು ಹಾಕ್ತಾವ್ರಿ" ಎಂದ. ಹುಲ್ಲು ಪೂರ್ತಿ ಕೊಯ್ದು ಹುಡುಕಿದ. ಎರಡು ಮರಿ ಸಿಕ್ಕವು. ತಾಯಿ ಸಿಗಲಿಲ್ಲ. ಬಚ್ಚಲಿನ ಮೋರಿಗೆ ಬಟ್ಟೆ ತುರುಕಿ ಮಂಚದ ಮೇಲೆ ಕಾಲು ಮಡಚಿ ಕೂತು ಬರೆಯುತ್ತಿದ್ದೇನೆ. ಸಂಜೆ ರಘುವಿಗೂ ಹೇಳುತ್ತೇನೆ. ಶುಕ್ರವಾರ ಬರಬೇಡ, ಆ ತಾಯಿಹಾವು ಸಿಗುವವರೆಗೂ ಬರಬೇಡ. ಮಧ್ಯೆ ನಾನೇ ತಡೆಯಲಾಗದೆ ಫೋನ್ ಮಾಡಿ, ಅತ್ತು, ಕೂಸನ್ನು ಕರೆದುಕೊಂಡು ಬಾ ಎಂದರೂ ಬರಬೇಡ.